ಜರ್ಮನಿಗೆ ಬಂದಿದ್ದೀರಾ? ಮೊದಲು ವೈಫೈಗೆ ಬೀಗ ಹಾಕಿ

ಬಂದ ಹೊಸದರಲ್ಲಿ ಮನೆ ಹುಡುಕಿ, ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಮುಗಿಸಿ, ಬ್ಯಾಂಕ್ ಖಾತೆ ತೆರೆಯುವಷ್ಟರಲ್ಲಿ ಸುಸ್ತಾಗಿರುತ್ತೀರಿ. ಇಂಟರ್ನೆಟ್ ಬಂತಾ, ಊರಿಗೆ ವಿಡಿಯೋ ಕಾಲ್ ಹೋಯ್ತಾ, ಅಷ್ಟು ಸಾಕು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಮನೆಗೆ ಬಂದವರಿಗೆಲ್ಲ ಕಾಫಿ ಜೊತೆಗೆ ಪಾಸ್‌ವರ್ಡನ್ನೂ ಕೊಡುತ್ತಿದ್ದೆ.

ಒಂದು ದಿನ ಅಂಚೆಪೆಟ್ಟಿಗೆಯಲ್ಲಿ ದಪ್ಪನೆಯ ಲಕೋಟೆ ಇತ್ತು, ವಕೀಲರದ್ದು. ಇಂಥ ದಿನ, ಇಷ್ಟು ಗಂಟೆಗೆ, ನಿಮ್ಮ ಸಂಪರ್ಕದಿಂದ ಒಂದು ಸಿನಿಮಾ ಟೊರೆಂಟ್‌ನಲ್ಲಿ, ಅಂದರೆ ಇಳಿಸಿಕೊಳ್ಳುತ್ತಲೇ ಬೇರೆಯವರಿಗೂ ಕಳಿಸುವ ವಿಧಾನದಲ್ಲಿ, ಹಂಚಿಕೆಯಾಗಿದೆ, ದುಡ್ಡು ಕಟ್ಟಿ ಅಂತ. ಇದಕ್ಕೆ ಇಲ್ಲಿ ಆಬ್‌ಮಾನುಂಗ್ ಅನ್ನುತ್ತಾರೆ. ತಾರೀಖು ನೋಡಿದಾಗ ನೆನಪಾಯಿತು. ಅವತ್ತು ಗೆಳೆಯನೊಬ್ಬ ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದ, ಅವನ ಲ್ಯಾಪ್‌ಟಾಪ್ ಮೂಲೆಯಲ್ಲಿ ತನ್ನ ಪಾಡಿಗೆ ಟೊರೆಂಟ್ ಓಡಿಸುತ್ತಿತ್ತು. ಪಾಪ, ಅವನಿಗೂ ಗೊತ್ತಿರಲಿಲ್ಲ.

ಖಾಸಗಿ ವೈಫೈಗೆ ಸರಿಯಾದ ಪಾಸ್‌ವರ್ಡ್ ಹಾಕದಿದ್ದರೆ ಹೊರಗಿನವರು ಮಾಡಿದ್ದಕ್ಕೂ ಮಾಲೀಕರು ವಕೀಲರ ಖರ್ಚು ತೆರಬೇಕಾಗಬಹುದು ಎಂದು ಸಿವಿಲ್ ವ್ಯಾಜ್ಯಗಳಿಗೆ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಬಿಜಿಎಚ್ 2010ರಲ್ಲಿ ಹೇಳಿತ್ತು. 2017ರಲ್ಲಿ ಕಾನೂನು ಸಡಿಲವಾಯಿತು. ಆದರೂ ಸಂಪರ್ಕ ಯಾರ ಹೆಸರಲ್ಲಿದೆಯೋ ಪತ್ರ ಬರುವುದು ಅವರಿಗೇ. "ನಾನಲ್ಲ" ಅಂತ ವಿವರಿಸುವ ಪಾಡೂ ಅವರದೇ. ಅಂಥ ಪತ್ರ ಬಂದರೆ ಕಸಕ್ಕೆ ಹಾಕಬೇಡಿ, ಗಾಬರಿಯಲ್ಲಿ ಅದರೊಳಗಿನ ಕಾಗದಕ್ಕೆ ಸಹಿಯನ್ನೂ ಹಾಕಬೇಡಿ. ಮೊದಲು ಗ್ರಾಹಕರಿಗೆ ಸಲಹೆ ಕೊಡುವ ಫರ್‌ಬ್ರೌಖರ್‌ತ್ಸೆಂಟ್ರಾಲೆಯಲ್ಲಿ ಕೇಳಿ.

ಈಗ ರೌಟರ್‌ಗೆ ಬರೋಣ. ಇಲ್ಲಿ ಬಹಳ ಮನೆಗಳಲ್ಲಿ ಫ್ರಿಟ್ಸ್‌ಬಾಕ್ಸ್ ಎಂಬ ರೌಟರ್ ಇರುತ್ತದೆ, ಅದನ್ನೇ ಹೇಳುತ್ತೇನೆ. ಪೆಟ್ಟಿಗೆ ತಿರುಗಿಸಿದರೆ ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಎರಡು ಕೀಲಿಗಳಿವೆ, ಅಂದರೆ ಪಾಸ್‌ವರ್ಡ್‌ಗಳು. ಫೋನು, ಟಿವಿ ಸೇರಿಸಲು ನೆಟ್ಸ್‌ವೆರ್ಕ್‌ಶ್ಲ್ಯೂಸೆಲ್, ಇದು 20 ಅಂಕೆಯ ಸಂಖ್ಯೆ. ಸೆಟ್ಟಿಂಗ್ ತೆರೆಯಲು ಬೇರೆಯದೇ ಕೆನ್‌ವೋರ್ಟ್. ಹೊಸಬರು ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಿ ಅರ್ಧ ಗಂಟೆ ಒದ್ದಾಡುತ್ತಾರೆ.

ಬ್ರೌಸರ್‌ನಲ್ಲಿ ಫ್ರಿಟ್ಸ್ ಡಾಟ್ ಬಾಕ್ಸ್ (fritz.box) ಎಂದು ಟೈಪ್ ಮಾಡಿ, ಕೆನ್‌ವೋರ್ಟ್ ಹಾಕಿ. ಇಲ್ಲಿ ವೈಫೈ ಪದ ಹುಡುಕಬೇಡಿ, ಡಬ್ಲ್ಯೂಲಾನ್ ಎಂದಿರುತ್ತದೆ, ಇವರ ಬಾಯಲ್ಲಿ 'ವೇಲಾನ್'. ಅದರೊಳಗೆ ಸಿಷರ್‌ಹೈಟ್, ಅಂದರೆ ಭದ್ರತೆ. ಅಲ್ಲಿ ಫೆರ್‌ಶ್ಲ್ಯೂಸೆಲುಂಗ್, ಅದೇ ಎನ್‌ಕ್ರಿಪ್ಷನ್, ವೈಫೈ ಮಾತುಕತೆ ಬೇರೆಯವರಿಗೆ ತಿಳಿಯದಂತೆ ಹಾಕುವ ಬೀಗ. ಅದರಲ್ಲಿ ಡಬ್ಲ್ಯೂಪಿಎ2 ಹಳೆಯ ಬಗೆ, ಡಬ್ಲ್ಯೂಪಿಎ3 ಹೊಸದು. 'ಡಬ್ಲ್ಯೂಪಿಎ2 + ಡಬ್ಲ್ಯೂಪಿಎ3' ಆರಿಸಿಕೊಳ್ಳಿ. ಊರಿಂದ ತಂದ ಹಳೇ ಟ್ಯಾಬ್ಲೆಟ್ ಅಥವಾ ಪ್ರಿಂಟರ್ ಮುನಿಸಿಕೊಂಡರೆ ಬರೀ ಡಬ್ಲ್ಯೂಪಿಎ2ಗೆ ಬನ್ನಿ, ತೊಂದರೆಯಿಲ್ಲ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಹಳೆಯ ಡಬ್ಲ್ಯೂಇಪಿ ಬೀಗ 2001ರಲ್ಲೇ ಮುರಿದುಬಿತ್ತು. ಕೊನೆಗೆ ಯೂಬರ್‌ನೇಮೆನ್ ಗುಂಡಿ ಒತ್ತಿದರೆ ಬದಲಾವಣೆ ಜಾರಿಯಾಗುತ್ತದೆ.

ಡಬ್ಲ್ಯೂಪಿಎ2ಗೆ ಒಂದು ಕುಂದಿದೆ. ನಿಮ್ಮ ಫೋನು ರೌಟರ್‌ಗೆ ಸೇರುವ ಕ್ಷಣದ ಮಾತುಕತೆಯನ್ನು ಪಕ್ಕದ ಮನೆಯವನು ಹಿಡಿದಿಟ್ಟುಕೊಂಡು, ತನ್ನ ಕಂಪ್ಯೂಟರಿನಲ್ಲಿ ಆರಾಮವಾಗಿ ಕೋಟಿಗಟ್ಟಲೆ ಪಾಸ್‌ವರ್ಡ್ ಪ್ರಯತ್ನಿಸಬಹುದು. ಡಬ್ಲ್ಯೂಪಿಎ3ರಲ್ಲಿ ಹಾಗಾಗದು, ಪ್ರತಿ ಊಹೆಗೂ ರೌಟರನ್ನೇ ಕೇಳಬೇಕು. ಹಾಗಾಗಿ ಡಬ್ಲ್ಯೂಪಿಎ2 ಇರುವ ಮನೆಯಲ್ಲಿ ಕೀಲಿ ಉದ್ದವಿರಬೇಕು. ಫೋನ್ ನಂಬರ್, ಮಗುವಿನ ಹುಟ್ಟುಹಬ್ಬ ಬೇಡ್ವೇ ಬೇಡ. ಚೀಟಿಯ 20 ಅಂಕೆಯೇ ಇರಲಿ ಅಂದರೂ ಅಡ್ಡಿಯಿಲ್ಲ. ಬದಲಿಸಲೇಬೇಕಾದರೆ 8ರಿಂದ 63 ಅಕ್ಷರದವರೆಗೆ ಜಾಗವಿದೆ. ನಾನು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೇನೆ, ಕೊಡೆ, ಹಲಸು, ಮೂಗುತಿ ಥರದವು. ಉಚ್ಚಾರಣೆ ಒಂದೇ ಆದರೂ ಸ್ಪೆಲ್ಲಿಂಗ್‌ಗೆ ಮನೆಯಲ್ಲಿ ಜಗಳವಾಗುತ್ತದೆ, ಹಲಸಿಗೆ ಒಂದು 'ಎ'ನಾ ಎರಡಾ ಅಂತ, ಬರೆದಿಟ್ಟುಕೊಳ್ಳಿ. ಮತ್ತೆ ವೈ, ಝಡ್ ಅಕ್ಷರ ಬಿಟ್ಟುಬಿಡಿ. ಜರ್ಮನ್ ಕೀಬೋರ್ಡಿನಲ್ಲಿ ಅವೆರಡೂ ಜಾಗ ಅದಲುಬದಲು ಮಾಡಿಕೊಂಡಿವೆ. ನಾಲ್ಕು ಸಲ ತಪ್ಪು ಎಂದು ಬಂದ ಮೇಲೆ ನನಗೆ ಹೊಳೆದದ್ದು ಅದು.

ಕೀಲಿ ಬದಲಿಸುವಾಗ ಲ್ಯಾಪ್‌ಟಾಪನ್ನು ಹಳದಿ ಲ್ಯಾನ್ ಕೇಬಲ್‌ನಿಂದ ರೌಟರ್‌ಗೆ ಚುಚ್ಚಿಕೊಳ್ಳಿ. ವೈಫೈಯಲ್ಲೇ ಕೂತು ಬದಲಿಸಿದರೆ ಒತ್ತಿದ ತಕ್ಷಣ ನೀವೇ ಹೊರಗೆ ಬೀಳುತ್ತೀರಿ. ಡಬ್ಲ್ಯೂಪಿಎಸ್ ಎಂಬ ಗುಂಡಿ ಒತ್ತಿ ಸೇರಿಸುವ ಸೌಲಭ್ಯವನ್ನು, ಬಳಸದಿದ್ದರೆ, ಆಫ್ ಮಾಡಿಬಿಡಿ.

ಇನ್ನು ಅತಿಥಿಗಳು. ವೇಲಾನ್ ಕೆಳಗೇ ಗಾಸ್ಟ್‌ತ್ಸೂಗಾಂಗ್, ಅಂದರೆ ಅತಿಥಿಗಳ ವೈಫೈ, ಇದೆ. ಅದನ್ನು ತೆರೆದು ಬೇರೆ ಹೆಸರು, ಬೇರೆ ಕೀಲಿ ಕೊಡಿ. ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ನಿಮ್ಮ ಪ್ರಿಂಟರ್, ಫೋಟೋ ಇಟ್ಟ ಹಾರ್ಡ್ ಡಿಸ್ಕ್ ಕಾಣಿಸುವುದಿಲ್ಲ. ಬರೀ ಬ್ರೌಸಿಂಗ್, ಮೇಲ್‌ಗೆ ಮಾತ್ರ ಅವಕಾಶ ಕೊಡುವ ಒಂದು ಟಿಕ್ ಅಲ್ಲೇ ಇದೆ, ಅದು ಇರಲಿ. ಆ ಟಿಕ್ ಅವತ್ತೇ ಹಾಕಿದ್ದರೆ ನನಗೆ ಆ ಲಕೋಟೆ ಬರುತ್ತಿರಲಿಲ್ಲವೇನೋ. ಕ್ಯೂಆರ್ ಕೋಡ್ ಇರುವ ಹಾಳೆಯನ್ನೂ ಅಲ್ಲಿಂದಲೇ ಮುದ್ರಿಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ಅದು ಫ್ರಿಜ್ ಮೇಲಿದೆ, ಹಾಲಿನ ಲೆಕ್ಕದ ಚೀಟಿಯ ಪಕ್ಕದಲ್ಲಿ.