ಮನೆ ಕಂಪ್ಯೂಟರ್‌ಗೆ ಸ್ಪೈವೇರ್ ಹೊಗದಂತೆ ನೋಡಿಕೊಳ್ಳುವುದು ಹೇಗೆ

ಮನೆಯ ಕಂಪ್ಯೂಟರ್‌ಗೆ ಸ್ಪೈವೇರ್, ಅಂದರೆ ನಮಗೆ ಗೊತ್ತಾಗದಂತೆ ಮಾಹಿತಿ ಕದಿಯುವ ಪ್ರೋಗ್ರಾಂ, ತಾನಾಗಿ ನುಗ್ಗುವುದು ಕಡಿಮೆ. ಹೆಚ್ಚಿನ ಸಲ ನಾವೇ ಡೌನ್‌ಲೋಡ್ ಮಾಡಿ, ನಾವೇ ‘ಯೆಸ್’ ಒತ್ತಿ ಒಳಗೆ ಬಿಟ್ಟುಕೊಂಡಿರುತ್ತೇವೆ. ಹಾಗಾಗಿ ಯಾವ ಆಂಟಿವೈರಸ್ ಕೊಳ್ಳಬೇಕು ಎಂದು ಯೋಚಿಸುವ ಮೊದಲು, ಈ ಕಂಪ್ಯೂಟರ್‌ನಲ್ಲಿ ಯಾರು ಏನನ್ನು ಇನ್‌ಸ್ಟಾಲ್ ಮಾಡಬಹುದು ಎಂಬುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ. ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ವಿಂಡೋಸ್, ಅದರ ಬಗ್ಗೆಯೇ ಹೇಳುತ್ತೇನೆ.

ಮೊದಲು ಅಕೌಂಟ್ ಸರಿ ಮಾಡಿ. ಅಡ್ಮಿನಿಸ್ಟ್ರೇಟರ್ ಅಕೌಂಟ್ ಒಂದೇ ಇರಲಿ, ಅದರ ಪಾಸ್‌ವರ್ಡ್ ಮನೆಯ ಒಬ್ಬಿಬ್ಬರಿಗೆ ಮಾತ್ರ ಗೊತ್ತಿರಲಿ. ಮಕ್ಕಳು, ಅಪ್ಪ ಅಮ್ಮ, ನೀವೂ ಸೇರಿ ದಿನನಿತ್ಯ ಬಳಸುವುದು ಸ್ಟ್ಯಾಂಡರ್ಡ್ ಅಕೌಂಟ್ ಆಗಿರಲಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಎಂಬಲ್ಲಿ ಇದನ್ನು ಮಾಡಬಹುದು. ಆಮೇಲೆ ಯಾವುದಾದರೂ ಪ್ರೋಗ್ರಾಂ ಇಡೀ ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡಲು ಹೊರಟರೆ ವಿಂಡೋಸ್ ಪಾಸ್‌ವರ್ಡ್ ಕೇಳುತ್ತದೆ, ಆ ಒಂದು ಕ್ಷಣ ನಿಂತು ‘ಇದನ್ನು ನಾನು ಕೇಳಿದ್ದೆನಾ?’ ಎಂದು ಯೋಚಿಸಲು ಅವಕಾಶ ಸಿಗುತ್ತದೆ. ಇಷ್ಟರಿಂದಲೇ ಎಲ್ಲವೂ ನಿಲ್ಲುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗೆ ಅಡ್ಮಿನ್ ಹಕ್ಕು ಬೇಕಾಗಿಲ್ಲ, ಅದು ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲೂ ಓಡುತ್ತದೆ.

ಅಂಥವು ಬರುವ ದೊಡ್ಡ ದಾರಿ ಲೈಸೆನ್ಸ್ ಮುರಿದು ಪುಕ್ಕಟೆ ಹಂಚುವ ಕ್ರ್ಯಾಕ್ ಸಾಫ್ಟ್‌ವೇರ್. ಫೋಟೋಶಾಪ್ ಕ್ರ್ಯಾಕ್, ಆಫೀಸ್ ಆ್ಯಕ್ಟಿವೇಟರ್, ಆಟಗಳ ಚೀಟ್, ಇವೆಲ್ಲ ಯೂಟ್ಯೂಬ್ ವಿಡಿಯೋ ಕೆಳಗಿನ ಲಿಂಕ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಡೌನ್‌ಲೋಡ್ ಆದ ಜಿಪ್ ಫೈಲ್‌ಗೆ ಒಂದು ಪಾಸ್‌ವರ್ಡ್ ಕೂಡ ಕೊಟ್ಟಿರುತ್ತಾರೆ. ಯಾಕೆ ಗೊತ್ತಾ? ಬೀಗ ಹಾಕಿದ ಜಿಪ್ ಒಳಗೆ ಏನಿದೆ ಎಂದು ಆಂಟಿವೈರಸ್ ನೋಡಲಾಗುವುದಿಲ್ಲ. ಜೊತೆಗೆ ‘ಇನ್‌ಸ್ಟಾಲ್ ಮಾಡುವ ಮೊದಲು ಡಿಫೆಂಡರ್ ಆಫ್ ಮಾಡಿ’ ಎಂಬ ಸೂಚನೆ ಬೇರೆ (ಡಿಫೆಂಡರ್ ಎಂದರೆ ವಿಂಡೋಸ್‌ನದೇ ಆಂಟಿವೈರಸ್). ಈ ಮಾತು ಎಲ್ಲಿ ಕಂಡರೂ ಅಲ್ಲಿಂದ ಎದ್ದು ಬನ್ನಿ.

ಲುಮ್ಮಾ ಎಂಬ ಕಳ್ಳ ಪ್ರೋಗ್ರಾಂ ಹರಡಿದ ದಾರಿಗಳಲ್ಲಿ ಇದೂ ಒಂದು. ಅದನ್ನು ತಯಾರಿಸಿದವರು ಬೇರೆ ವಂಚಕರಿಗೆ ಬಾಡಿಗೆಗೆ ಕೊಡುತ್ತಿದ್ದರು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ತನಿಖಾ ಸಂಸ್ಥೆಗಳು ಸೇರಿ ಅದರ ಜಾಲವನ್ನು ಮುರಿದವು. ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ಪತ್ತೆಯಾಗಿತ್ತು ಎಂದು ಮೈಕ್ರೋಸಾಫ್ಟ್ ಹೇಳಿತು. ಇಂಥ ಪ್ರೋಗ್ರಾಂಗಳು ಪಾಸ್‌ವರ್ಡ್ ಜೊತೆಗೆ ಬ್ರೌಸರ್‌ನ ಕುಕಿಗಳನ್ನೂ ಒಯ್ಯುತ್ತವೆ. ಕುಕಿ ಎಂದರೆ ನೀವು ಆಗಲೇ ಲಾಗಿನ್ ಆಗಿದ್ದೀರಿ ಎನ್ನುವುದಕ್ಕೆ ಸೈಟ್ ಕೊಟ್ಟ ಗುರುತು. ಅದು ಕೈಗೆ ಸಿಕ್ಕರೆ ಕಳ್ಳ ಓಟಿಪಿ ಇಲ್ಲದೆಯೇ ನಿಮ್ಮ ಮೇಲ್ ಒಳಗೆ ಹೋಗಬಹುದು. ಎರಡು ಹಂತದ ಲಾಗಿನ್ ಇದೆಯಲ್ಲ, ನನಗೇನು ಭಯ ಎಂದು ಕೂರುವ ಹಾಗಿಲ್ಲ.

ಕ್ರ್ಯಾಕ್ ಬಿಟ್ಟು ಬದುಕುವುದು ಅಷ್ಟೇನೂ ಕಷ್ಟವಲ್ಲ. ಮನೆಯ ಪತ್ರ, ಲೆಕ್ಕ ಬರೆಯಲು ಲಿಬ್ರೆಆಫೀಸ್ ಸಾಕು, ಫೋಟೋ ತಿದ್ದಲು ಗಿಂಪ್ ಇದೆ. ಕನ್ನಡ ಟೈಪ್ ಮಾಡಲು ನುಡಿ ಉಚಿತ, ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಕೂಡ ಇದೆ. ಆದರೆ ಯಾವುದನ್ನೇ ಆಗಲಿ ಅದರ ಸ್ವಂತ ಸೈಟ್‌ನಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು, ಹೆಸರಾಂತ ಸಾಫ್ಟ್‌ವೇರ್‌ಗಳ ನಕಲಿ ಸೈಟ್‌ಗಳು ಅಲ್ಲಿ ಕಾಣಿಸಿಕೊಂಡದ್ದಿದೆ.

ಇತ್ತೀಚಿನ ಇನ್ನೊಂದು ಮೋಸ ಮನೆಯವರಿಗೆಲ್ಲ ಗೊತ್ತಿರಲೇಬೇಕು. ಯಾವುದೋ ಪುಟ ತೆರೆದಾಗ ‘ನೀವು ರೋಬೋಟ್ ಅಲ್ಲವೆಂದು ತೋರಿಸಿ’ ಎಂದು ಬರುತ್ತದೆ. ಟಿಕ್ ಮಾಡಿದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಆ ಪುಟ ಆಗಲೇ ನಿಮಗೆ ಗೊತ್ತಿಲ್ಲದಂತೆ ಒಂದು ಕಮಾಂಡ್ ಕಾಪಿ ಮಾಡಿಟ್ಟಿರುತ್ತದೆ, ನೀವು ಅದನ್ನು ಪೇಸ್ಟ್ ಮಾಡಿ ನಿಮ್ಮ ಕೈಯಾರೆ ಓಡಿಸುತ್ತೀರಿ. ನಿಜವಾದ ಯಾವ ಸೈಟೂ ಹೀಗೆ ಕೇಳುವುದಿಲ್ಲ. ಟ್ಯಾಬ್ ಮುಚ್ಚಿಬಿಡಿ.

ಇನ್ನು ಆಂಟಿವೈರಸ್. ನನ್ನ ಅಭಿಪ್ರಾಯದಲ್ಲಿ ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್‌ಗೆ ದುಡ್ಡು ಕಟ್ಟುವ ಯೋಚನೆ ಇಲ್ಲದಿದ್ದರೆ ತೆಗೆದುಹಾಕಿ. ವಿಂಡೋಸ್ ಸೆಕ್ಯುರಿಟಿ ತೆರೆದು ರಿಯಲ್ ಟೈಮ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಎರಡೂ ಆನ್ ಇವೆಯಾ ನೋಡಿ. ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗೆ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿ. ಕೊನೆಗೆ ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿ. ಅಲ್ಲಿರುವ ಫೋಲ್ಡರ್‌ಗಳನ್ನು ಡಿಫೆಂಡರ್ ಮುಟ್ಟುವುದೇ ಇಲ್ಲ. ನೀವು ಹಾಕದ ಹೆಸರು ಅಲ್ಲಿದ್ದರೆ ಅಳಿಸಿ, ಪೂರ್ತಿ ಸ್ಕ್ಯಾನ್ ಮಾಡಿ. ರಿಪೇರಿ ಅಂಗಡಿಯಲ್ಲಿ ವಿಂಡೋಸ್ ಹಾಕಿಸಿಕೊಂಡು ಬಂದಿದ್ದರಂತೂ ಇದನ್ನು ಮರೆಯದೆ ನೋಡಿ, ಆ್ಯಕ್ಟಿವೇಟರ್ ಓಡಲೆಂದು ಅಲ್ಲಿ ಬಾಗಿಲು ತೆರೆದಿಟ್ಟಿರಬಹುದು.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ಕಂಪ್ಯೂಟರ್ ತಾಳುವುದಾದರೆ 11ಕ್ಕೆ ಹೋಗಿ. ತಾಳದಿದ್ದರೆ, ಬರೀ ಬ್ರೌಸಿಂಗ್ ಮತ್ತು ಟೈಪಿಂಗ್ ಮಾಡುವ ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಚೆನ್ನಾಗಿ ಹೊಂದುತ್ತದೆ.

ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳಾದ ಎಕ್ಸ್‌ಟೆನ್ಷನ್‌ಗಳನ್ನು ಆಗಾಗ ನೋಡಿ, ಬಳಸದಿರುವುದನ್ನು ತೆಗೆಯಿರಿ. ಒಳ್ಳೆಯ ಎಕ್ಸ್‌ಟೆನ್ಷನ್ ಕೂಡ ಕೈ ಬದಲಾಗಿ ಕೆಡಬಹುದು. ಲಕ್ಷಾಂತರ ಜನ ಬಳಸುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಹಾಗೇ ಬೇರೆಯವರಿಗೆ ಮಾರಾಟವಾಗಿ, 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ ಇದೆ ಎಂದು ಗೂಗಲ್ ಅದನ್ನು ತೆಗೆದುಹಾಕಿತು. ಸೈಟ್‌ಗಳು ನೋಟಿಫಿಕೇಶನ್ ಕಳಿಸಲಾ ಎಂದು ಕೇಳಿದರೆ ಸುಮ್ನೆ ಬ್ಲಾಕ್ ಒತ್ತಿ.

ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಹಾಕಿದ ತಕ್ಷಣ ಸ್ಕ್ಯಾನ್ ಮಾಡಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಯಾವುದನ್ನೂ ತೆರೆಯಬೇಡಿ. ಬ್ಯಾಂಕಿನವರು, ಕಂಪ್ಯೂಟರ್ ಕಂಪನಿಯವರು ಎಂದು ಫೋನ್ ಮಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ. ಎನಿಡೆಸ್ಕ್ ಒಳ್ಳೆಯ ಸಾಫ್ಟ್‌ವೇರೇ, ಅದರ ನಂಬರ್ ಅಪರಿಚಿತರಿಗೆ ಕೊಟ್ಟರೆ ಕಂಪ್ಯೂಟರ್ ಅವರ ಕೈಗೆ ಹೋಗುತ್ತದೆ ಅಷ್ಟೇ.

ಒಳಗೆ ಏನೋ ಸೇರಿದೆ ಎಂಬ ಅನುಮಾನ ಬಂದರೆ ಮೊದಲು ಇಂಟರ್ನೆಟ್ ಕಡಿದುಹಾಕಿ. ಪಾಸ್‌ವರ್ಡ್ ಬದಲಾಯಿಸುವುದು ಆ ಕಂಪ್ಯೂಟರ್‌ನಲ್ಲಿ ಬೇಡ, ಮೊಬೈಲ್‌ನಲ್ಲಿ ಮಾಡಿ: ಮೊದಲು ಇಮೇಲ್, ಆಮೇಲೆ ಬ್ಯಾಂಕು. ಜೊತೆಗೆ ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ, ಕದ್ದ ಕುಕಿ ಕೆಲಸಕ್ಕೆ ಬಾರದಂತಾಗಬೇಕು. ಆಮೇಲೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಅದು ಹುಡುಕುವುದರಿಂದ ಅಡಗಿ ಕೂತದ್ದೂ ಸಿಗುವ ಸಾಧ್ಯತೆ ಜಾಸ್ತಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟ್‌ನಲ್ಲೂ ಉಚಿತ ಟೂಲ್‌ಗಳಿವೆ. ಇಷ್ಟಾದರೂ ನೆಮ್ಮದಿ ಇಲ್ಲ ಎಂದರೆ ಫೋಟೋ, ಕಾಗದಪತ್ರ ಮಾತ್ರ ಬೇರೆ ಕಡೆ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕಿ. ಹಳೇ ಸೆಟಪ್ ಫೈಲ್‌ಗಳನ್ನು ವಾಪಸ್ ತರಬೇಡಿ.

ದುಡ್ಡು ಹೋಗಿದೆ ಎಂದು ಗೊತ್ತಾದರೆ ಸ್ಕ್ಯಾನ್ ಎಲ್ಲ ಆಮೇಲೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು. ಬ್ಯಾಂಕಿನ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ.