ಪೌಡರ್ ಕೋಟಿಂಗ್‌ಗೆ ಮೊದಲು ಕೇಸಿನ ಸ್ಕ್ರೂ ತೂತುಗಳನ್ನು ಮುಚ್ಚುವುದು ಹೇಗೆ

ಮೊದಲ ಸಲ ನನ್ನ ಕಂಪ್ಯೂಟರ್ ಕೇಸಿಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಎರಚಿ ಓವನ್‌ನಲ್ಲಿ ಕಾಯಿಸಿ ಗಟ್ಟಿ ಮಾಡುವ ಲೇಪ) ಮಾಡಿಸಿದಾಗ ತೂತುಗಳನ್ನು ಮುಚ್ಚದೆ ಹಾಗೇ ಕೊಟ್ಟಿದ್ದೆ. ಬಣ್ಣ ಚೆನ್ನಾಗಿ ಬಂತು. ಆದರೆ ಮದರ್‌ಬೋರ್ಡ್ ಕೂರಿಸಲು ಹೋದರೆ ಒಂದು ಸ್ಟ್ಯಾಂಡ್‌ಆಫ್ (ಬೋರ್ಡನ್ನು ತಗಡಿನಿಂದ ಮೇಲೆ ಎತ್ತಿ ಹಿಡಿಯುವ ಸಣ್ಣ ಲೋಹದ ಕಂಬ) ಕೂಡ ಒಳಗೆ ಇಳಿಯಲಿಲ್ಲ. ಬಲ ಹಾಕಿ ತಿರುಗಿಸಿದ್ದಕ್ಕೆ ಎರಡು ತೂತುಗಳ ಥ್ರೆಡ್, ಅಂದರೆ ಸ್ಕ್ರೂ ಹಿಡಿಯುವ ಒಳಗಿನ ಸುರುಳಿ ಗೆರೆ, ಕಿತ್ತುಹೋಯಿತು. ಈಗ ಈ ಒಂದು ಕೆಲಸಕ್ಕೇ ಒಂದು ಸಂಜೆ ಪೂರ್ತಿ ಎತ್ತಿಡುತ್ತೇನೆ.

ಕೋಟಿಂಗ್ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.) ದಪ್ಪ ಇರುತ್ತದೆ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಅದು ಥ್ರೆಡ್‌ನ ಇಳಿಜಾರುಗಳ ಮೇಲೆ ಕೂರುವುದರಿಂದ ಥ್ರೆಡ್‌ನ ಅಳತೆ ಕೋಟಿಂಗ್ ದಪ್ಪದ ನಾಲ್ಕು ಪಟ್ಟು ಕಿರಿದಾಗುತ್ತದೆ. 80 ಮೈಕ್ರಾನ್ ಇದ್ದರೆ 0.32 ಮಿ.ಮೀ. ಎಂ3 (3 ಮಿ.ಮೀ. ದಪ್ಪದ) ಸ್ಕ್ರೂನಲ್ಲಿ ಸುತ್ತಿನಿಂದ ಸುತ್ತಿಗೆ ಇರುವ ಅಂತರವೇ 0.5 ಮಿ.ಮೀ. ಇನ್ನೊಂದು ವಿಷಯ. ಆಳವಾದ ತೂತಿನೊಳಗೆ ಪುಡಿ ಅಷ್ಟಾಗಿ ಹೋಗುವುದಿಲ್ಲ, ಬಾಯಿಯ ಹತ್ತಿರವೇ ಜಾಸ್ತಿ ಕೂರುತ್ತದೆ. ಕೇಸಿನ ತಗಡು ತೆಳು, ಹಿಡಿತ ಇರುವುದೇ ಎರಡು ಮೂರು ಸುತ್ತು. ಅಲ್ಲಿ ತೂತು ಅಂದರೆ ಬರೀ ಬಾಯಿಯೇ.

ಮೊದಲು ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಬಿಚ್ಚಿ, ತೂತುಗಳ ಫೋಟೋ ತೆಗೆದು, ಎಣಿಸಿ ಬರೆದಿಟ್ಟುಕೊಳ್ಳಿ. ಕೇಸಿನಲ್ಲಿ ಹೆಚ್ಚಾಗಿ ಎರಡು ಅಳತೆ ಸಿಗುತ್ತವೆ: 6-32 (ಇಂಚಿಗೆ 32 ಸುತ್ತು ಇರುವ ಇಂಚು ಅಳತೆ) ಮತ್ತು ಎಂ3. ಅನುಮಾನ ಬಂದರೆ ಆ ತೂತಿನದೇ ಸ್ಕ್ರೂ ತಂದು ಬೆರಳಲ್ಲಿ ತಿರುಗಿಸಿ ನೋಡಿ.

ಪುಡಿ ಗಟ್ಟಿಯಾಗುವ ಓವನ್ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಸಾಮಾನ್ಯ ಮಾಸ್ಕಿಂಗ್ ಟೇಪ್ ಅಲ್ಲಿ ಸುಟ್ಟು, ಅಂಟು ಕೆಳಗೇ ಉಳಿದುಬಿಡುತ್ತದೆ. ಬೇಕಾದದ್ದು ಸಿಲಿಕೋನ್ ಬಿರಡೆ ಮತ್ತು ಬಿಸಿ ತಡೆಯುವ ಪಾಲಿಯೆಸ್ಟರ್ ಅಥವಾ ಕ್ಯಾಪ್ಟಾನ್ (Kapton) ಟೇಪ್. ತೂತಿಗಿಂತ ಸ್ವಲ್ಪವೇ ದಪ್ಪ ಇರುವ ಬಿರಡೆ ಆರಿಸಿ, ತಿರುಗಿಸುತ್ತಾ ಒತ್ತಿ. ಆರಪಾರ ತೂತಾದರೆ ಹಿಂದಿನ ಬಾಯಿಗೂ ಟೇಪ್ ಹಚ್ಚಿ. ಆರಪಾರ ಹೋಗದೆ ಒಂದೇ ಕಡೆ ಬಾಯಿ ಇರುವ ತೂತಿನಲ್ಲಿ ಒಳಗಿನ ಗಾಳಿ ಕಾದು ಹಿಗ್ಗಿ ಬಿರಡೆಯನ್ನು ಹೊರಗೆ ತಳ್ಳಬಹುದು. ಅಂಥ ಕಡೆ ಸ್ಕ್ರೂ ಹಾಕುವುದೇ ವಾಸಿ.

ಸ್ಟ್ಯಾಂಡ್‌ಆಫ್ ತೂತುಗಳಿಗೆ ನನ್ನ ಮತ ಹಳೆಯ ಸ್ಕ್ರೂಗಳಿಗೇ. ಅಗಲ ತಲೆಯ ಸ್ಕ್ರೂ ತೂತಿನ ಸುತ್ತ ಒಂದು ಉಂಗುರದಷ್ಟು ಜಾಗವನ್ನೂ ಮುಚ್ಚುತ್ತದೆ. ಅಲ್ಲಿ ಉಳಿಯುವ ಬರಿ ಲೋಹದ ಮೂಲಕ ಮದರ್‌ಬೋರ್ಡ್‌ಗೂ ಕೇಸಿಗೂ ಅರ್ತಿಂಗ್ ಸಂಪರ್ಕ ಸಿಗುತ್ತದೆ. ಸ್ಕ್ರೂಗೆ ಎಣ್ಣೆ ಹಚ್ಚಬೇಡಿ, ಬಿಸಿಗೆ ಅದು ಹರಡಿ ಕೋಟಿಂಗ್‌ನಲ್ಲಿ ಕುಳಿ ಬೀಳಿಸುತ್ತದೆ. ಹಿಂದೆ ಚಾಚಿದ ತುದಿಗೂ ಒಂದು ಸಿಲಿಕೋನ್ ಟೋಪಿ ಹಾಕಲೇಬೇಕು. ಇಲ್ಲದಿದ್ದರೆ ತುದಿಗೂ ಕೋಟಿಂಗ್ ಕೂರುತ್ತದೆ. ಆಮೇಲೆ ಸ್ಕ್ರೂ ಬಿಚ್ಚುವಾಗ ಆ ದಪ್ಪ ತುದಿ ಥ್ರೆಡ್ ಮೂಲಕವೇ ಹೊರಗೆ ಬರಬೇಕು. ಕಾಪಾಡಲು ಹಾಕಿದ ಸ್ಕ್ರೂವೇ ತೂತನ್ನು ಕೆಡಿಸುತ್ತದೆ.

ಹಳೆಯ ಬಣ್ಣ ತೆಗೆಯಲು ಮರಳು ಬ್ಲಾಸ್ಟಿಂಗ್ ಮಾಡುವಾಗಲೂ ತೂತು ಮುಚ್ಚಿರಲಿ. ಆಮೇಲೆ ಬಿರಡೆ ತೆಗೆದು, ಗಾಳಿ ಊದಿ, ತೊಳೆದ ನೀರು ಪೂರ್ತಿ ಒಣಗಿದ ಮೇಲೆ ಹೊಸ ಬಿರಡೆ ಹಾಕಿ.

ಓವನ್‌ನಿಂದ ಬಂದ ಮೇಲೆ ಅವಸರ ಬೇಡ. ಕೈಗೆ ತಾಳುವಷ್ಟು ಬಿಸಿ ಇರುವಾಗ ಚೂಪಾದ ಬ್ಲೇಡಿನಿಂದ ಬಿರಡೆಯ ಅಥವಾ ಸ್ಕ್ರೂ ತಲೆಯ ಸುತ್ತ ಒಂದು ಗೆರೆ ಎಳೆಯಿರಿ. ಕೋಟಿಂಗ್ ಸಣ್ಣಗೆ ಸೀಳುವುದು ಬೆರಳಿಗೇ ಗೊತ್ತಾಗುತ್ತದೆ. ಗೆರೆ ಪೂರ್ತಿ ಸುತ್ತಿದ ಮೇಲೆ ಬಿರಡೆಯನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಗೆರೆ ಎಳೆಯದೆ ಕಿತ್ತರೆ ಅಂಚಿನ ಕೋಟಿಂಗ್ ಚೂರು ಚೂರಾಗಿ ಏಳುತ್ತದೆ.

ಎಲ್ಲೋ ಸ್ವಲ್ಪ ಪುಡಿ ಒಳಗೆ ಸೇರಿದ್ದರೆ ತಕ್ಷಣ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಿಡಿಯಬೇಡಿ, ಅದು ಓರೆಯಾದರೆ ತೆಳು ತಗಡಿನ ಥ್ರೆಡ್ಡನ್ನೇ ಕತ್ತರಿಸಿಬಿಡುತ್ತದೆ. ಅದೇ ಅಳತೆಯ ಉಕ್ಕಿನ ಸ್ಕ್ರೂ ಒಂದನ್ನು ತೆಗೆದುಕೊಂಡು, ಗರಗಸದಿಂದ ಉದ್ದಕ್ಕೆ ಒಂದು ಗೀರು ಹಾಕಿ, ಅಂಚಿನ ಮುಳ್ಳು ಉಜ್ಜಿ ತೆಗೆಯಿರಿ. ಅದನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋಗಿ. ಕೆರೆದ ಪುಡಿ ಗೀರಿನಲ್ಲಿ ತುಂಬಿಕೊಂಡು ಬರುತ್ತದೆ. ಗಾಳಿ ಊದಿ, ಸ್ಟ್ಯಾಂಡ್‌ಆಫನ್ನು ಬರೀ ಬೆರಳಲ್ಲಿ ಇಳಿಸಿ ನೋಡಿ. ಬೆರಳಿಗೆ ಇಳಿದರೆ ಮಾತ್ರ ಸ್ಪ್ಯಾನರ್ ಎತ್ತಿಕೊಳ್ಳಿ.