ಪಕ್ಕದವಳು ಏನಂದ್ಲು ಹೇಳು: ಕನ್ನಡ ಕ್ಲಾಸಲ್ಲಿ ಜೋಡಿ ಚರ್ಚೆ, ನನ್ನ ಅನುಭವ

ಹತ್ತನೇ ಕ್ಲಾಸಿಗೆ ಕನ್ನಡ ಪಾಠ ಮಾಡೋರಿಗೆಲ್ಲ ಗೊತ್ತಿರೋ ವಿಷ್ಯ ಇದು. ಪದ್ಯ ಓದಿ, ಅರ್ಥ ಹೇಳಿ, "ಏನಪ್ಪಾ, ಕರ್ಣ ಮಾಡಿದ್ದು ಸರಿನಾ?" ಅಂತ ಇಡೀ ಕ್ಲಾಸಿಗೆ ಕೇಳಿದ್ರೆ ಕೈ ಎತ್ತೋದು ಅದೇ ಮುಂದಿನ ಬೆಂಚಿನ ಮೂರ್ನಾಲ್ಕು ಮಕ್ಳು. ಉಳಿದವ್ರು ತಲೆ ತಗ್ಗಿಸಿ ಪುಸ್ತಕ ನೋಡ್ತಾ ಕೂತಿರ್ತಾರೆ, ಅವ್ರಿಗೆ ಏನೂ ಅನ್ಸಿರಲ್ಲ ಅಂತಲ್ಲ, ಅಷ್ಟು ಜನರ ಮುಂದೆ ಬಾಯಿ ಬಿಡೋಕೆ ಧೈರ್ಯ ಬರಲ್ಲ. ಪಕ್ಕದಲ್ಲಿ ಕೂತಿರೋ ಒಬ್ರ ಹತ್ರ ಮಾತಾಡೋಕೆ ಆ ಧೈರ್ಯ ಬೇಕಾಗಲ್ಲ, ಅದಕ್ಕೇ ನಾನು ಜೋಡಿ ಚರ್ಚೆ ಹಿಡ್ಕೊಂಡಿದ್ದು.

ಇದೇನು ಹೊಸದಲ್ಲ, ಥಿಂಕ್ ಪೇರ್ ಶೇರ್ ಅಂತ ಟ್ರೈನಿಂಗಲ್ಲಿ ನೀವೂ ಕೇಳಿರ್ತೀರ, ಅಮೆರಿಕದ ಮೇರಿಲ್ಯಾಂಡ್ ಯೂನಿವರ್ಸಿಟಿಯ ಫ್ರ್ಯಾಂಕ್ ಲೈಮನ್ ಅನ್ನೋರು 1981ರಲ್ಲಿ ಹೇಳಿದ್ದು. ಮೊದ್ಲು ಒಬ್ಬೊಬ್ರೇ ಯೋಚ್ನೆ ಮಾಡು, ಆಮೇಲೆ ಜೊತೆಗಾರರ ಹತ್ರ ಮಾತಾಡು, ಕೊನೆಗೆ ಎಲ್ರಿಗೂ ಹೇಳು, ಅಷ್ಟೇ ಅದು. ಆದ್ರೆ ಸಾಹಿತ್ಯದ ಪಾಠದಲ್ಲಿ "ಪಕ್ಕದವ್ರ ಜೊತೆ ಚರ್ಚೆ ಮಾಡಿ" ಅಂತ ಹೇಳಿ ಬಿಟ್ಬಿಟ್ರೆ ಅವ್ರು ಮಾತಾಡೋದು ಮಧ್ಯಾಹ್ನದ ಊಟದ ಬಗ್ಗೆ. ಅದು ಮಕ್ಕಳ ತಪ್ಪಲ್ಲ, ಪ್ರಶ್ನೆಯಲ್ಲಿ ಮಾತಾಡೋಕೆ ಏನಾದ್ರೂ ಇರ್ಬೇಕಲ್ವಾ. "ಕರ್ಣನ ಗುಣಗಳನ್ನು ವಿವರಿಸಿ" ಅಂದ್ರೆ ಇಬ್ರೂ ಗೈಡ್ ತೆಗೀತಾರೆ, ಇಬ್ರದ್ದೂ ಒಂದೇ ಉತ್ತರ, ಮುಗೀತು ಕಥೆ.

ಕುಮಾರವ್ಯಾಸನ ಉದ್ಯೋಗಪರ್ವದ ಆ ಭಾಗ, "ಕೌರವೇಂದ್ರನ ಕೊಂದೆ ನೀನು" ಅಂತ ಪಠ್ಯದಲ್ಲಿ ಇರೋದು, ಅದನ್ನೇ ಉದಾಹರಣೆಗೆ ತಗೊಳ್ತೀನಿ. ಸಂಧಾನ ಮುರಿದುಬಿದ್ದಿದೆ, ಕೃಷ್ಣ ಕರ್ಣನನ್ನ ರಥಕ್ಕೆ ಎಳೆದು ಪಕ್ಕದಲ್ಲೇ ಕೂರಿಸಿಕೊಂಡು, ನೀನು ಸೂತಪುತ್ರ ಅಲ್ಲಪ್ಪ, ಕುಂತಿಯ ಮಗ, ಪಾಂಡವರಿಗೆಲ್ಲ ಅಣ್ಣ ಅಂತ ಹೇಳ್ತಾನೆ. ಇದಕ್ಕೆ ನಾನು ಕೊಡೋ ಪ್ರಶ್ನೆ ಒಂದೇ, "ಕೃಷ್ಣ ಇದನ್ನ ಹೇಳಿದ್ದು ಕರ್ಣನ ಒಳ್ಳೇದಕ್ಕಾ, ಪಾಂಡವರ ಒಳ್ಳೇದಕ್ಕಾ?" ಎರಡು ಕಡೆಗೂ ಪದ್ಯದಲ್ಲೇ ಸಾಲು ಸಿಗ್ಬೇಕು, ಅಂಥ ಪ್ರಶ್ನೆ ಸಿಗೋವರೆಗೂ ನಾನು ಆ ಪಾಠಕ್ಕೆ ಜೋಡಿ ಚರ್ಚೆ ಇಡೋದೇ ಇಲ್ಲ.

ಮೊದ್ಲು ಪದ್ಯಾನ ಜೋರಾಗಿ ಓದ್ತೀನಿ, ಗಮಕಿಗಳ ಥರ ಹಾಡೋಕೆ ಬರ್ದಿದ್ರೂ ಭಾಮಿನಿ ಷಟ್ಪದಿ ಛಂದಸ್ಸಿನ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ನಡೆ ಕಿವಿಗೆ ಬೀಳ್ಬೇಕು, ಅದು ಬಿದ್ರೆ ಅರ್ಧ ಅರ್ಥ ಆದಂಗೇ. ಆಮೇಲೆ ಎರಡು ನಿಮಿಷ ಯಾರೂ ಮಾತಾಡಂಗಿಲ್ಲ, ಪ್ರತಿಯೊಬ್ರೂ ತಮ್ಮ ಉತ್ತರಕ್ಕೆ ಸಾಕ್ಷಿ ಆಗೋ ಒಂದು ಸಾಲಿಗೆ ಪೆನ್ಸಿಲಲ್ಲಿ ಗೆರೆ ಎಳೀಬೇಕು. ಈ ಮೌನಾನ ನಾನು ಯಾವತ್ತೂ ಬಿಡಲ್ಲ. ಮೇರಿ ಬಡ್ ರೋ ಅನ್ನೋ ಸಂಶೋಧಕಿ ಕ್ಲಾಸುಗಳನ್ನ ರೆಕಾರ್ಡ್ ಮಾಡಿ ನೋಡಿದಾಗ ಟೀಚರುಗಳು ಪ್ರಶ್ನೆ ಕೇಳಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯ್ತಿದ್ರಂತೆ, ಅದು ಮೂರು ಸೆಕೆಂಡಿಗೆ ಹೋದ್ರೇ ಮಕ್ಕಳ ಉತ್ತರ ಉದ್ದ ಆಗ್ತಿತ್ತಂತೆ. ಮೂರು ಸೆಕೆಂಡಿಗೇ ಅಷ್ಟು ಅಂದ್ರೆ ಎರಡು ನಿಮಿಷ ಕೊಟ್ಟು ನೋಡಿ.

ಆಮೇಲೆ ಐದು ನಿಮಿಷ ಜೋಡಿ ಮಾತು. ಅದು ಮುಗಿದ್ಮೇಲೆ ನಾನು ಯಾರನ್ನ ಎಬ್ಬಿಸಿದ್ರೂ ಕೇಳೋದು ಒಂದೇ, "ನಿನ್ನ ಅಭಿಪ್ರಾಯ ಆಮೇಲೆ, ಪಕ್ಕದವಳು ಏನಂದ್ಲು ಹೇಳು, ಯಾವ ಸಾಲು ತೋರ್ಸಿದ್ಲು ಹೇಳು." ನನ್ನ ಮಟ್ಟಿಗೆ ಇಡೀ ಜೋಡಿ ಚರ್ಚೆ ನಿಂತಿರೋದು ಇದ್ರ ಮೇಲೆ. ಜೊತೆಗಾರರ ಮಾತನ್ನ ನಾನು ಹೇಳ್ಬೇಕಾಗುತ್ತೆ ಅಂತ ಗೊತ್ತಿದ್ರೆ ಕೇಳಿಸ್ಕೊಳ್ಳೋ ರೀತೀನೇ ಬೇರೆ ಆಗುತ್ತೆ, ನಡುವೆ ತಡೆದು "ಇರು ಇರು, ಇನ್ನೊಂದ್ಸಲ ಹೇಳು" ಅಂತಾರೆ. ಇನ್ನೊಂದು ಲಾಭ ಏನಂದ್ರೆ ನಾಚಿಕೆ ಸ್ವಭಾವದ ಹುಡುಗಿಯ ಮಾತು ಅವ್ಳು ಎದ್ದು ನಿಲ್ದೇನೇ ಕ್ಲಾಸಿಗೆ ತಲುಪುತ್ತೆ, ತನ್ನ ಮಾತನ್ನ ಇನ್ನೊಬ್ರು ಗೌರವದಿಂದ ಹೇಳೋದನ್ನ ಕೇಳಿಸ್ಕೊಂಡವ್ಳು ಮುಂದೆ ಒಂದಿನ ತಾನಾಗೇ ಕೈ ಎತ್ತುತಾಳೆ.

ಒಂದು ಜೋಡಿಯ ಮಾತು ಹೇಳ್ತೀನಿ. ಒಬ್ಳು, "ಕೃಷ್ಣನಿಗೆ ಪ್ರೀತಿ ಇತ್ತು ಕಣೆ, ಇಲ್ದಿದ್ರೆ ತನ್ನ ಪೀಠದಲ್ಲಿ ಯಾಕೆ ಕೂರಿಸಿಕೊಳ್ತಿದ್ದ" ಅಂದ್ಲು. ಇನ್ನೊಬ್ಳು ಬೆರಳಿಟ್ಟಿದ್ದು "ಎಡದ ಮೈಯಲಿ ಕೌರವೇಂದ್ರರ ಗಡಣ" ಅನ್ನೋ ಪದ್ಯದ ಮೇಲೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ನಡುವೆ ಓಲಗದಲ್ಲಿ ನೀನು, ಅಂತ ವೈಭವ ಎಲ್ಲ ತೋರ್ಸಿ ಕೊನೆಗೆ ಅದನ್ನೆಲ್ಲ ಬಿಟ್ಟು ದುರ್ಯೋಧನ ಮಾತಾಡಿಸಿದ್ರೆ "ಜೀಯ ಹಸಾದ", ಅಂದ್ರೆ ಒಡೆಯಾ ಅಪ್ಪಣೆ, ಅಂತ ಕೈಕಟ್ಕೊಂಡು ನಿಲ್ಲೋದು ನಿನಗೆ ಕಷ್ಟ ಅಂತಾನಲ್ಲ ಕೃಷ್ಣ, "ಇದು ಪ್ರೀತಿ ಅಲ್ವೇ, ಮೊದ್ಲು ಆಸೆ ತೋರ್ಸಿ ಆಮೇಲೆ ಚುಚ್ಚೋದು, ಆಸ್ತಿ ಭಾಗದ ಪಂಚಾಯ್ತಿಲಿ ದೊಡ್ಡೋರು ಹಿಂಗೇ ಮಾತಾಡ್ತಾರೆ" ಅಂದ್ಲು. ನಾನು ಪಕ್ಕದ ಬೆಂಚಲ್ಲಿ ಕೂತು ಕೇಳಿಸ್ಕೊಂತಿದ್ದೆ, ಆ ಸಾಲಿಗೆ ಅಷ್ಟು ಚೆನ್ನಾಗಿರೋ ವ್ಯಾಖ್ಯಾನ ನನ್ನ ಟಿಪ್ಪಣೀಲೂ ಇರ್ಲಿಲ್ಲ.

ಇನ್ನೊಂದು ಜೋಡಿ, ಇಬ್ರೂ ಹುಡುಗ್ರು, "ಕೊರಳ ಸೆರೆ ಹಿಗ್ಗಿದವು" ಪದ್ಯ ಹಿಡ್ಕೊಂಡು ಜಗಳಕ್ಕೇ ಬಿದ್ದಿದ್ರು. ಅದ್ರಲ್ಲಿ ಕರ್ಣ, ಕೃಷ್ಣ ತನ್ನ ವಂಶ ಹೇಳಿ ಕೊಂದ ಅಂದ್ಕೊಳ್ತಾನೆ, ಆದ್ರೆ ಮುಂದೆ ಕೃಷ್ಣನಿಗೆ ಹೇಳುವಾಗ ಕೌರವೇಂದ್ರನ್ನ ಕೊಂದೆ ಅಂತಾನೆ, ಹಂಗಾದ್ರೆ ಸತ್ತಿದ್ದು ಯಾರು? ಒಬ್ಬ ಕರ್ಣ ಅಂತ, ಇನ್ನೊಬ್ಬ ದುರ್ಯೋಧನ ಅಂತ. ಕೊನೆಗೆ ಅವ್ರೇ ಮತ್ತೆ ಓದಿ ಕಂಡ್ಕೊಂಡಿದ್ದೇನು ಅಂದ್ರೆ ಅದೇ ಪದ್ಯದ ಮೊದಲರ್ಧದಲ್ಲೇ "ಕುರುಪತಿಗೆ ಕೇಡಾದುದು" ಅಂತ ಇದೆ, ಅಂದ್ರೆ ಹೆತ್ತ ತಾಯಿ ಯಾರು ಅಂತ ಗೊತ್ತಾದ ಆ ಗಳಿಗೇಲೂ ಅವನ ಮನಸ್ಸಿಗೆ ಮೊದ್ಲು ಬಂದಿದ್ದು ದುರ್ಯೋಧನ, ತನ್ನ ಸಾವು ಆಮೇಲೆ. ನಾನೇ ಬೋರ್ಡ್ ಮೇಲೆ ಬರೆದು ಹೇಳಿದ್ರೆ ಕಾಪಿ ಮಾಡ್ಕೊಂಡು ಮರೀತಿದ್ರು, ಜಗಳಾಡಿ ಸಿಕ್ಕಿದ್ದು ಉಳಿಯುತ್ತೆ.

ನಾನಿರೋದು ಕೋಲಾರದ ಕಡೆ, ಎಷ್ಟೋ ಮಕ್ಕಳ ಮನೇಲಿ ತೆಲುಗು, ಕೆಲವ್ರ ಮನೇಲಿ ಉರ್ದು. ಜೋಡೀಲಿ ಮಾತಾಡುವಾಗ ಅದೂ ಬರುತ್ತೆ, ನಾನು ತಡೆಯಲ್ಲ. ಯೋಚ್ನೆ ಯಾವ ಭಾಷೇಲಿ ಬರುತ್ತೋ ಅದ್ರಲ್ಲಿ ಬರ್ಲಿ, ಕ್ಲಾಸಿಗೆ ಹೇಳುವಾಗ ಕನ್ನಡದಲ್ಲಿ ಹೇಳ್ತಾರೆ, ಹೇಳೋ ವಿಷ್ಯ ಕೈಯಲ್ಲಿದ್ರೆ ಭಾಷೆ ಹಿಂದೇನೇ ಬರುತ್ತೆ.

ಜೋಡಿ ಮಾಡುವಾಗ ಜಾಣರ ಜೊತೆ ಹಿಂದುಳಿದವ್ರನ್ನ ಕೂರಿಸಿ ಅಂತ ಸುಮಾರು ಜನ ಹೇಳ್ತಾರೆ, ನಾನು ಒಪ್ಪಲ್ಲ. ಒಬ್ರು ಪಾಠ ಹೇಳ್ತಾರೆ, ಇನ್ನೊಬ್ರು ಹೂಂಗುಟ್ಟುತಾರೆ, ಅದು ಚರ್ಚೆ ಹೆಂಗಾಗುತ್ತೆ. ಓದೋದ್ರಲ್ಲಿ ಹೆಚ್ಚುಕಮ್ಮಿ ಒಂದೇ ಮಟ್ಟದವ್ರನ್ನ ಕೂರಿಸಿ, ಪಾಠಕ್ಕೊಂದ್ಸಲ ಬದಲಾಯಿಸ್ತೀನಿ. ಬೆಸಸಂಖ್ಯೆ ಆದ್ರೆ ಮೂರು ಜನ, ಮೂರನೇಯವ್ರು ಕೇಳಿಸ್ಕೊಂಡು ವರದಿ ಕೊಡ್ತಾರೆ. ಗಲಾಟೆ ಆಗುತ್ತೆ, ಆಗ್ಲಿ, ಹೆಡ್‌ಮಾಸ್ಟ್ರಿಗೆ ಮೊದ್ಲೇ ಒಂದು ಮಾತು ಹೇಳಿಟ್ರೆ ಸಾಕು.

ಎಲ್ಲ ಪಾಠಕ್ಕೂ ಇದು ಒಗ್ಗಲ್ಲ. ಹುಲಿ ಎದುರಾದ ಶಾನುಭೋಗರ ಪಾಠ "ವ್ಯಾಘ್ರಗೀತೆ"ಗೆ ಚೆನ್ನಾಗಿ ಬರುತ್ತೆ, ಶಾನುಭೋಗರನ್ನ ಉಳಿಸಿದ್ದು ಹುಲಿಯ ಧರ್ಮವೋ ಅವರ ಅದೃಷ್ಟವೋ ಅಂತ ಕೇಳಿ ನೋಡಿ. "ಲಂಡನ್ ನಗರ"ದಂಥ ಪ್ರವಾಸದ ಬರಹಕ್ಕೆ ನಂಗೆ ಇನ್ನೂ ಸರಿಯಾದ ಪ್ರಶ್ನೆ ಸಿಕ್ಕಿಲ್ಲ, ಅದನ್ನ ಓದಿಸ್ತೀನಿ ಅಷ್ಟೇ.

ಪೋರ್ಷನ್ ಮುಗಿಯಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟ್ ಏನಾಗುತ್ತೆ ಅಂತ ಕೇಳೋರಿಗೆ ನಾನು ಹೇಳೋದು ಇಷ್ಟು. ಪಾಠದ ಒಂದು ಮಾತು ಕೊಟ್ಟು ಕೇಳೋ ಸಂದರ್ಭದ ಪ್ರಶ್ನೇಲಿ ಮಕ್ಳು ಅದು ಯಾವ ಪಾಠದ್ದು ಅನ್ನೋ ಆಯ್ಕೆ, ಸಂದರ್ಭ ಎರಡನ್ನೂ ಬರೆದು, ಆ ಮಾತಿನ ವಿಶೇಷ ಹೇಳೋ ಸ್ವಾರಸ್ಯಕ್ಕೆ ಬಂದಾಗ "ಕರ್ಣನ ಸ್ವಾಮಿನಿಷ್ಠೆಯು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ" ಅಂತ ಗೈಡಿನ ಸಾಲು ಇಳಿಸ್ತಾರೆ, ನಿಮ್ಗೂ ಗೊತ್ತು. ಚರ್ಚೆ ಆದ್ಮೇಲೆ ಅದೇ ಪೀರಿಯಡಲ್ಲಿ ಐದು ನಿಮಿಷ ಬರೆಸಿ, "ನನ್ನ ಜೊತೆಗಾರ ಹೀಗೆ ಹೇಳಿದ, ಆದರೆ ನನಗೆ" ಅಂತ ಶುರು ಮಾಡೋಕೆ ಹೇಳಿ, ಅವರ ಸ್ವಾರಸ್ಯ ಅವರದ್ದೇ ಆಗುತ್ತೆ. "ತಾಯಿ ಸಿಕ್ಕಿದ ದಿನವೇ ಕರ್ಣ ಗೆಳೆಯನಿಗಾಗಿ ಅತ್ತನು" ಅಂತ ಒಬ್ಬ ಹುಡುಗ ಟೆಸ್ಟಲ್ಲಿ ಬರೆದಿದ್ದ, ಪೂರ್ತಿ ಮಾರ್ಕ್ಸ್ ಕೊಟ್ಟೆ.